ಲ್ಯಾಪ್‌ಟಾಪಿಗೆ ಹೆಪ್ಪು

ನಮ್ಮ ಅತ್ತೆ ಚನ್ನಬಸಮ್ಮನವರು ಹತ್ತನೇ ತರಗತಿಯ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದರು. ಎರಡು ಸಲವೂ ತಪ್ಪು ಮನೆಯ ಲ್ಯಾಪ್‌ಟಾಪಿನದು. ನಾಚಿಕೆಗೇಡಿನ ಸಂಗತಿ ಏನೆಂದರೆ, ಯಂತ್ರಗಳು ಕಾಯದಂತೆ ನೋಡಿಕೊಳ್ಳುವುದು ಹೇಗೆ ಎಂದು ಸಂಶೋಧನೆ ಮಾಡಿ ಸಂಬಳ ತಿನ್ನುವ ವಿಜ್ಞಾನಿಯೊಬ್ಬಳು ಅದೇ ಮನೆಯಲ್ಲಿ ಇದ್ದಳು. ಆಕೆ ನಾನೇ, ಶಿವಲೀಲಾ.

ಈಗಿನ ರಾಯಚೂರಿನ ಬೇಸಿಗೆ ಕಾಣದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯುಗಾದಿ ಕಳೆಯಿತೆಂದರೆ ನಮ್ಮಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ‘ನೆರಳು ಹೊತ್ತು’. ಆ ಹೊತ್ತಿನಲ್ಲಿ ಯಾರೂ ಬೀದಿಗೆ ಇಳಿಯುವಂತಿಲ್ಲ. ಬಿಸಿಲು ನಲವತ್ತೆಂಟು ದಾಟಿರುತ್ತದೆ. ಕೈಮುಗಿದು ಕರೆದರೂ ಯಾರೂ ಇಳಿಯುವುದಿಲ್ಲ ಅನ್ನಿ. ಶಾಲೆ, ಕೋರ್ಟಿನ ವಾಯಿದೆ, ಡಾಕ್ಟರ ಭೇಟಿ, ಹೆಣ್ಣು ನೋಡುವ ಶಾಸ್ತ್ರ, ಪರೀಕ್ಷೆ, ಎಲ್ಲವೂ ಮನೆಯೊಳಗೆ ಲ್ಯಾಪ್‌ಟಾಪಿನ ಮುಂದೆ. ಏಸಿ ಹಾಕುವ ಹಾಗಿಲ್ಲ. ಅದು ನಮ್ಮ ಕೋಣೆಯ ಶಾಖವನ್ನು ಬೀದಿಗೆ ಉಗುಳುತ್ತದೆ, ಬೀದಿ ಅದನ್ನು ಪಕ್ಕದ ಮನೆಗೆ ದಾಟಿಸುತ್ತದೆ. ಹಾಗಾಗಿ ಆಸ್ಪತ್ರೆಗೂ ಕೂಸುಗಳಿರುವ ಮನೆಗೂ ಮಾತ್ರ ಅದರ ಪರವಾನಗಿ. ನಮ್ಮ ಮನೆಯವರಿಗೆ ಕಾರವಾರದಲ್ಲಿ ಕೆಲಸ, ಸಮುದ್ರದ ಗಾಳಿ ಕುಡಿಯುವ ಪುಣ್ಯವಂತರು. ಇಲ್ಲಿ ಉಳಿದವರು ಅತ್ತೆ, ನಾನು ಮತ್ತು ಚಾವಣಿಯ ಫ್ಯಾನು.

ಮನುಷ್ಯರು ಹೇಗೋ ಒಗ್ಗಿಕೊಂಡೆವು. ಲ್ಯಾಪ್‌ಟಾಪು ಒಗ್ಗಲಿಲ್ಲ. ಒಳಗಿನ ಚಿಪ್ ಕಾದ ಹೆಂಚಿನ ಹಾಗಾದಾಗ ಸುಟ್ಟುಕೊಳ್ಳುವುದಕ್ಕಿಂತ ಕಣ್ಣು ಮುಚ್ಚುವುದೇ ವಾಸಿ ಎಂದು ತನ್ನಷ್ಟಕ್ಕೆ ತಾನೇ ಬಂದಾಗುತ್ತದೆ. ಅದನ್ನು ತಣ್ಣಗಿಡಲು ನಮ್ಮ ಓಣಿಯವರು ಮಾಡದ ಉಪಾಯವಿಲ್ಲ. ಕೆಲವರು ನೀರಿನ ಹರವಿಯ ಮೇಲಿಟ್ಟರು. ಕೆಲವರು ನೆಲದ ಶಹಾಬಾದ ಕಲ್ಲಿಗೆ ನೀರು ಹೊಡೆದು ಅದರ ಮೇಲಿಟ್ಟು, ತಾವು ಬೋರಲು ಮಲಗಿ ಕೆಲಸ ಮಾಡಿದರು. ಎದುರು ಮನೆಯ ವಕೀಲರು ಹಸಿ ಉಸುಕು ತುಂಬಿದ ಅಗಲವಾದ ಪರಾತದಲ್ಲಿ ಲ್ಯಾಪ್‌ಟಾಪ್ ಕೂರಿಸಿ ವಾದ ಮಾಡುತ್ತಾರೆ. ಒಮ್ಮೆ ಪರಾತದಿಂದ ಇರುವೆ ಹೊರಟು, ಸಾಕ್ಷಿಯ ಪಾಟೀಸವಾಲಿನ ನಡುವೆ ಅವರು ಕುಣಿದದ್ದನ್ನು ನ್ಯಾಯಾಧೀಶರೂ ನೋಡಿದರು.

ಅತ್ತೆ ಪರೀಕ್ಷೆಗೆ ಕಟ್ಟಿದ್ದು ಯಾರ ಒತ್ತಾಯಕ್ಕೂ ಅಲ್ಲ. ಅವರ ತಂಗಿ ಸಿಂಧನೂರಿನಲ್ಲಿ ಅರವತ್ತನೇ ವಯಸ್ಸಿಗೆ ಪಾಸು ಮಾಡಿ, ಫೋನು ಹಚ್ಚಿದಾಗೆಲ್ಲ ಆ ಮಾತು ತೆಗೆಯುತ್ತಿದ್ದಳು. ‘ಆಕಿ ಪಾಸಾಗ್ಯಾಳ ಅಂದ್ರ ನಾ ಆಗಂಗಿಲ್ಲೇನು? ಸಣ್ಣಾಕಿ ಇದ್ದಾಗ ಆಕಿ ಮಗ್ಗಿ ನಾನ ಹೇಳಿಕೊಟ್ಟೀನಿ’ ಎಂದು ಅತ್ತೆ ಹಟ ಹಿಡಿದರು. ಉಳಿದ ವಿಷಯಗಳನ್ನು ಒಂದೇ ಏಟಿಗೆ ದಾಟಿದರು. ಗಣಿತಕ್ಕೆ ಹಿಂದಿನ ಮನೆಯ ಪದ್ಮಾಬಾಯಿ ಟೀಚರು ಪಾಠ ಹೇಳಿದರು. ನಿವೃತ್ತರಾದ ಮೇಲೆ ಬೈಯಲು ಯಾರೂ ಸಿಗದೆ ಬೇಸತ್ತಿದ್ದ ಅವರಿಗೂ ಅದು ಹಬ್ಬವಾಯಿತು.

ಪರೀಕ್ಷೆಯ ನಿಯಮ ಕಠಿಣ. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು, ಬಾಗಿಲು ತೆರೆಯಕೂಡದು, ನೋಂದಾಯಿಸಿದ ಲ್ಯಾಪ್‌ಟಾಪ್ ಬಿಟ್ಟು ಬೇರೆಯದು ನಡೆಯದು. ನಡುವೆ ಯಂತ್ರ ಬಂದಾದರೆ ನಕಲು ಮಾಡಲು ಎದ್ದು ಹೋದರೆಂದೇ ಲೆಕ್ಕ; ಉತ್ತರಪತ್ರಿಕೆ ಅಲ್ಲಿಗೇ ರದ್ದು. ಮೊದಲ ಸಲ ತ್ರಿಕೋನದ ಎರಡು ಬಾಹು ಮುಗಿದು ಮೂರನೆಯದು ಬರುವ ಹೊತ್ತಿಗೆ ಪರದೆ ಕಪ್ಪಾಯಿತು. ಎರಡನೇ ಸಲ ನಾನು ಅಂಗಡಿಯ ಪೇಸ್ಟು ಹಚ್ಚಿ ಕೊಟ್ಟಿದ್ದೆ, ಒಂದು ತಾಸು ಹೆಚ್ಚಿಗೆ ಬದುಕಿತು, ಅಷ್ಟೆ. ಮೂರನೇ ಸಲವೂ ಹೀಗಾದರೆ ಹೆಸರನ್ನೇ ಹೊಡೆದುಹಾಕುತ್ತಾರೆ, ಮತ್ತೆ ಕಟ್ಟಲು ಬರುವುದಿಲ್ಲ. ಅತ್ತೆಗೆ ಅದೇ ಹೆದರಿಕೆ. ಊಟದ ತಟ್ಟೆಯ ಮುಂದೆಯೂ ಸಮೀಕರಣ ಗುಣುಗುತ್ತಿದ್ದ ಅವರು ‘ಲೆಕ್ಕ ಬರ್ತದವಾ, ಆದ್ರ ಆ ಮಷೀನಿನ ಹಣೇಬರಹ ಏನದನೋ’ ಎಂದು ನಿಟ್ಟುಸಿರು ಬಿಟ್ಟರೆ ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ.

ಇನ್ನು ನಮ್ಮ ಪ್ರಯೋಗಾಲಯದ ಮಾತು. ಲ್ಯಾಪ್‌ಟಾಪಿನ ಚಿಪ್ಪಿಗೂ ಅದರ ಶಾಖ ಹೊರುವ ತಾಮ್ರದ ಪಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಅಲ್ಲಿ ಗಾಳಿ ಕೂತರೆ ಶಾಖ ದಾಟುವುದಿಲ್ಲ. ಅದಕ್ಕೇ ಒಂದು ಬೂದುಬಣ್ಣದ ಪೇಸ್ಟು ಹಚ್ಚುತ್ತಾರೆ. ನಮ್ಮ ಬೇಸಿಗೆಗೆ ಆ ಪೇಸ್ಟು ಒಣಗಿ ಬಿರುಕು ಬಿಡುತ್ತದೆ. ನಾವು ಮಾಡಲು ಹೊರಟಿದ್ದು ಜೀವಂತ ಪೇಸ್ಟು. ಹಳೆಯ ಗಣಿಯೊಂದರ ಬಿಸಿನೀರಿನಲ್ಲಿ ಸಿಕ್ಕ ಸೂಕ್ಷ್ಮಜೀವಿ ಅದು. ಲೋಹದ ಪುಡಿ ಕಲಸಿದ ನೀರಿಗೆ ಒಂದು ಚೂರು ಬಿಟ್ಟರೆ, ಬಿಸಿ ಇರುವ ಕಡೆಯಿಂದ ತಂಪು ಇರುವ ಕಡೆಗೆ ಲೋಹದ ಎಳೆಗಳನ್ನು ನೇಯುತ್ತ ಹೋಗುತ್ತದೆ. ಶಾಖ ಆ ಎಳೆ ಹಿಡಿದು ದಾಟುತ್ತದೆ. ಬಿರುಕು ಬಿಟ್ಟರೆ ತಾನೇ ಬೆಳೆದು ಮುಚ್ಚುತ್ತದೆ.

ಕಾಗದಪತ್ರದಲ್ಲಿ ಅದಕ್ಕೆ ನಾಲಗೆ ಹೊರಳದಂಥ ಹೆಸರಿದೆ. ಆದರೆ ಒಂದು ಚಮಚ ಬಿಟ್ಟು, ಅಲುಗಾಡಿಸದೆ ಇಟ್ಟು, ಕೆಲವು ತಾಸಿನ ಮೇಲೆ ಗಟ್ಟಿಯಾಗಿದೆಯೇ ಎಂದು ಇಣುಕಿ ನೋಡುವ ವಸ್ತುವಿಗೆ ಕನ್ನಡದ ಬಾಯಲ್ಲಿ ಇನ್ನೇನು ಹೆಸರು ಬರುತ್ತದೆ? ಮೊದಲ ವಾರದಲ್ಲೇ ಎಲ್ಲರೂ ಅದನ್ನು ‘ಹೆಪ್ಪು’ ಅನ್ನತೊಡಗಿದೆವು. ‘ಇವತ್ತಿನ ಹೆಪ್ಪು ಕಟ್ಟಿಲ್ಲ ಮೇಡಂ’ ಎಂದು ನನ್ನ ಸಹಾಯಕ ಹನುಮೇಶ ಹೇಳಿದರೆ, ದಿಲ್ಲಿಯಿಂದ ಬಂದ ಅಧಿಕಾರಿ ಕ್ಯಾಂಟೀನಿನ ವಿಷಯ ಎಂದು ತಿಳಿದು ತಲೆಯಾಡಿಸುತ್ತಿದ್ದರು.

ಕಟ್ಟುತ್ತಿಲ್ಲ ಎನ್ನುವುದೇ ನಮ್ಮ ಗೋಳು. ಮೊದಲು ಚೆನ್ನಾಗಿದ್ದ ಹೆಪ್ಪು ತಲೆಮಾರಿನಿಂದ ತಲೆಮಾರಿಗೆ ಸೊರಗುತ್ತ ಬಂತು. ಒಳ್ಳೆಯ ಹಳೆಯ ಹೆಪ್ಪು ಉಳಿದದ್ದು ಒಂದು ಸಣ್ಣ ಶೀಶೆಯಲ್ಲಿ ಮಾತ್ರ. ಹನುಮೇಶ ಅದನ್ನು ಬಾಣಂತಿ ಕೂಸು ಕಾಯುವ ಹಾಗೆ ಕಾಯುತ್ತಿದ್ದ.

ಪರೀಕ್ಷೆಯ ಹಿಂದಿನ ದಿನ ಬೆಳಗಿನ ಪಾಳಿಯಲ್ಲಿ ನಾನು ಅವನ ಮುಂದೆ ನಿಂತೆ.

‘ಹನುಮೇಶ, ಆ ಹೆಪ್ಪು ನನಗ ಬೇಕು. ಮನೆ ವಾತಾವರಣದಾಗ ಒಂದು ಪರೀಕ್ಷೆ ಮಾಡಬೇಕು.’

ಪರೀಕ್ಷೆ ಎಂಬ ಪದಕ್ಕೆ ಎರಡು ಅರ್ಥ ಇರುವುದು ಆ ದಿನ ನನಗೆ ಬಹಳ ಅನುಕೂಲವಾಯಿತು. ಆದರೆ ಹನುಮೇಶ ಅತ್ತೆಯ ಶೇಂಗಾ ಹೋಳಿಗೆ ತಿಂದು ಬೆಳೆದವನು, ಅವರ ಗಣಿತದ ಕಥೆಯೆಲ್ಲ ಅವನಿಗೆ ಗೊತ್ತು.

‘ಇದು ಕೊನೇದು ರೀ ಮೇಡಂ. ಹೋತಂದ್ರ ನಮ್ಮ ಲ್ಯಾಬಿಗೆ ಬೀಗ.’

‘ಲ್ಯಾಬಿನಾಗ ಇಟ್ಟರೂ ಸಾಯಾಕತ್ತದ. ಒಂದು ಕೆಲಸಕ್ಕರ ಬರಲಿ.’

ಅವನು ಅಳುಮೋರೆ ಮಾಡಿಕೊಂಡು ಕೊಟ್ಟ. ಶೀಶೆ ದಾರಿಯಲ್ಲಿ ಒಡೆದೀತು ಎಂದು ಅದನ್ನು ನನ್ನ ಬುತ್ತಿಯ ಸಣ್ಣ ಸ್ಟೀಲ್ ಡಬ್ಬಿಗೆ ಸುರಿದು ಐಸಿನ ನಡುವೆ ಇಟ್ಟುಕೊಂಡೆ. ಮನೆಯಲ್ಲಿ ಯಾರಾದರೂ ಚಟ್ನಿ ಎಂದು ತಿಳಿದುಬಿಟ್ಟಾರು ಎಂಬ ಮುನ್ನೆಚ್ಚರಿಕೆಯಿಂದ ಮುಚ್ಚಳದ ಮೇಲೆ ಪಟ್ಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ ‘ಹೆಪ್ಪು’ ಎಂದು ಬರೆದೆ. ಫ್ರಿಜ್ಜಿನಲ್ಲಿ ಇಟ್ಟು, ಊಟ ಮಾಡಿ, ಎಲ್ಲರಂತೆ ಬಿಸಿಲು ಇಳಿಯುವವರೆಗೆ ಮಲಗಿದೆ.

ಐದಕ್ಕೆ ಎದ್ದು ಪಡಸಾಲೆಯಲ್ಲಿ ಚಾಪೆ ಹಾಸಿ ಲ್ಯಾಪ್‌ಟಾಪನ್ನು ಬೋರಲು ಮಲಗಿಸಿದೆ. ಹೊಸ ಫ್ಯಾನು, ಹೊಸ ಬ್ಯಾಟರಿ ಮೊದಲೇ ತಂದಿದ್ದೆ. ಅತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಿಚ್ಚಿದ ಸ್ಕ್ರೂಗಳನ್ನು ಅರಿಶಿನ ಕುಂಕುಮದ ಬಟ್ಟಲಿಗೆ ಹಾಕುತ್ತಿದ್ದರು. ಹಿಂಬದಿಯ ಮುಚ್ಚಳ ಎದ್ದು ಬಂತು.

‘ಇಷ್ಟ ಏನು ಒಳಗ? ಇಷ್ಟು ಸೊಕ್ಕು ಮಾಡೋದು ನೋಡಿ ಭಾಳ ಏನೋ ಇರ್ತದ ಅಂದ್ಕೊಂಡಿದ್ದೆ.’

ಫ್ಯಾನಿನ ರೆಕ್ಕೆಗಳ ಹಿಂದೆ ಧೂಳು ಹಾಸಿಗೆಯಾಗಿ ಕೂತಿತ್ತು. ಚಿಮಟದಿಂದ ಎಳೆದರೆ ಬತ್ತಿಯ ಹಾಗೆ ಉದ್ದಕ್ಕೆ ಬಂತು. ಅದರಲ್ಲಿ ಒಂದು ಜೀರಿಗೆ ಕಾಳು, ಒಂದು ಬಿಂದಿ, ಅತ್ತೆಯ ಬಿಳಿ ಕೂದಲು. ‘ಇದರಾಗ ಒಂದು ದಿಂಬು ತುಂಬಬಹುದಲ್ಲ’ ಎಂದು ಅತ್ತೆ ಮೂಗು ಮುಚ್ಚಿಕೊಂಡರು. ಮೊದಲು ಬ್ಯಾಟರಿಯ ಸಂಪರ್ಕ ತೆಗೆದೆ. ಹಳೆಯದು ನಡುವಿನಲ್ಲಿ ಪೂರಿಯ ಹಾಗೆ ಉಬ್ಬಿತ್ತು. ಇನ್ನೊಂದು ಬೇಸಿಗೆ ಬಿಟ್ಟಿದ್ದರೆ ಏನಾಗುತ್ತಿತ್ತೋ. ಹಳೆಯ ಫ್ಯಾನು ಬಿಚ್ಚಿದೆ. ತಾಮ್ರದ ಪಟ್ಟಿಯನ್ನು ಮೆಲ್ಲನೆ ಎತ್ತಿದೆ. ನಾನು ಹಚ್ಚಿದ್ದ ಪೇಸ್ಟು ಒಣಗಿದ ವಿಭೂತಿಯಂತೆ ಉದುರಿತು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಚಿಪ್ ಒರೆಸಿದಾಗ ಅದು ಕನ್ನಡಿಯಾಗಿ ಹೊಳೆಯಿತು. ಅತ್ತೆ ಅದರಲ್ಲಿ ಮುಖ ನೋಡಿಕೊಂಡರು.

ಇನ್ನು ಹೆಪ್ಪು ಹಚ್ಚುವುದು. ಅದು ಕಟ್ಟಲು ರಾತ್ರಿಯಿಡೀ ಬೇಕು, ಪರೀಕ್ಷೆ ಹನ್ನೊಂದಕ್ಕೆ. ಕೈ ತೊಳೆದು ಫ್ರಿಜ್ಜು ತೆಗೆದೆ. ಡಬ್ಬಿ ಇರಲಿಲ್ಲ.

‘ಅತ್ತೀ, ಇಲ್ಲೊಂದು ಸಣ್ಣ ಡಬ್ಬಿ ಇಟ್ಟಿದ್ದೆ, ಎಲ್ಲಿ?’

‘ಹೆಪ್ಪಿಂದಾ? ಪಕ್ಕದ ಮನಿ ರಜಿಯಾ ಹಿತ್ತಲ ಗ್ವಾಡಿ ಮ್ಯಾಲಿಂದ ಕೂಗಿದ್ಳು. ಅವರ ಮನ್ಯಾಗ ಒಂದು ಹನಿ ಮಜ್ಜಿಗಿ ಉಳಿದಿಲ್ಲಂತ, ನಾಳೆ ಅಳಿಯ ಬರ್ತಾನಂತ. ಕೊಟ್ಟೆ.’

‘ಕೊಟ್ರಿ?’

‘ದೀಪ ಹಚ್ಚಿದ ಮ್ಯಾಲೆ ಕೊಟ್ಟಿಲ್ಲವಾ, ಮಧ್ಯಾಹ್ನನ ಕೊಟ್ಟೀನಿ’ ಎಂದು ಅತ್ತೆ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರು. ಹೊತ್ತು ಮುಳುಗಿದ ಮೇಲೆ ಹೆಪ್ಪು ಮನೆಯಿಂದ ಹೊರಗೆ ಹೋಗಬಾರದು. ಆ ನೇಮವನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು.

‘ಬೂದಿ ಬಣ್ಣ ಇತ್ತಲ್ಲ ಅತ್ತೀ, ನೋಡಲಿಲ್ಲೇನ್ರಿ?’

‘ಮುಚ್ಚಳ ಯಾಕ ತಗೀಲಿ? ಮ್ಯಾಲೆ ಹೆಪ್ಪು ಅಂತ ನೀನ ಬರದೀಯಲ್ಲ.’

ಅದೇನೆಂದು ನಾನು ಹೇಳಿದಾಗ ಅತ್ತೆಯ ಮುಖ ಇಳಿದುಹೋಯಿತು. ಬಿಚ್ಚಿ ಹರಡಿದ ಲ್ಯಾಪ್‌ಟಾಪಿನ ಕಡೆ ಒಮ್ಮೆ ನೋಡಿದರು. ‘ನನ್ನ ಕೈಯಾರ ನಾನ ಎತ್ತಿ ಕೊಟ್ಟೆನಲ್ಲವಾ’ ಎಂದರು. ಅತ್ತೆ ಅಳುವವರಲ್ಲ. ಆ ಒಂದು ಮಾತೇ ಅವರ ಪಾಲಿನ ಅಳು. ಸಿಟ್ಟು ಬಂದದ್ದು ನನ್ನ ಮೇಲೆಯೇ. ಇಂಗ್ಲಿಷಿನಲ್ಲಿ ಬರೆದಿದ್ದರೆ ಆಗುತ್ತಿರಲಿಲ್ಲವೇ, ಪಂಡಿತೆ!

ಚಪ್ಪಲಿಯನ್ನೂ ಮೆಟ್ಟದೆ ರಜಿಯಾಳ ಮನೆಗೆ ಓಡಿದೆ. ಅತ್ತೆಯೂ ಸೆರಗು ಬಿಗಿದು ಹಿಂದೆ ಬಂದರು.

‘ಬರ್ರಿ ಡಾಕ್ಟರಮ್ಮ, ನಾನ ಬರೋಳಿದ್ದೆ’ ಎಂದು ರಜಿಯಾ ಡಬ್ಬಿ ಕೈಗಿತ್ತಳು. ‘ಅರ್ಧ ನಾ ಹಾಕ್ಕೊಂಡೆ, ಉಳಿದದ್ದು ಪದ್ಮಾಬಾಯಿ ಟೀಚರಿಗೆ ಕೊಟ್ಟೆ. ಅವರು ಈಗ ಡಬ್ಬಿ ವಾಪಸ್ ಕಳಿಸ್ಯಾರ.’

ಡಬ್ಬಿ ಭಾರವಿತ್ತು. ಆಸೆಯಿಂದ ತೆರೆದೆ. ಒಳಗೆ ತುಂಬ ಶೇಂಗಾ ಚಟ್ನಿಪುಡಿ. ಪದ್ಮಾಬಾಯಿ ಟೀಚರು ಖಾಲಿ ಡಬ್ಬಿ ಹಿಂದಿರುಗಿಸುವ ಪೈಕಿ ಅಲ್ಲ.

ಮಾತು ಕೇಳಿ ಟೀಚರೂ ಗೋಡೆಯಾಚೆಯಿಂದ ಇಣುಕಿದರು. ಅವರು ಹಾಕಿದ ಹಾಲು ಹಸಿರುಗಟ್ಟಿ ವಾಸನೆ ಬಂತಂತೆ, ಕರಿಬೇವಿನ ಗಿಡಕ್ಕೆ ಸುರಿದಿದ್ದರು. ಉಳಿದದ್ದು ರಜಿಯಾಳ ಹಾಲಿನ ಪಾತೇಲಿ ಒಂದೇ.

‘ಬೂದಿ ಬಣ್ಣ ನೋಡಿ ರಾಗಿ ಮಜ್ಜಿಗಿ ಅಂದ್ಕೊಂಡ್ನಿ’ ಎಂದಳು ರಜಿಯಾ. ‘ನೀವು ಓದಿದವರು, ಆರೋಗ್ಯಕ್ಕಂತ ಏನರ ಮಾಡಿರ್ತೀರಿ. ಆದ್ರ ಒಂದು ಮಾತು ಹೇಳ್ತೀನಿ, ಅದು ಸರಿಯಿಲ್ರಿ. ಗಡಿಬಿಡಿಯಾಗ ಹಾಲು ಸುಡುಸುಡು ಇದ್ದಾಗ ಬಿಟ್ಟುಬಿಟ್ಟೆ. ಹೆಪ್ಪು ಸಾಯ್ತದ ಅಂತ ಹಸಿ ಫರಸಿ ಕಲ್ಲಿನ ಮ್ಯಾಲಿಟ್ಟು ನಮಾಜಿಗೆ ಕುಂತೆ. ಎದ್ದು ಬಂದು ನೋಡಿದ್ರ ಹಾಲು ಆರಿ ಹೋಗ್ಯದ, ಫರಸಿ ಕಾಲಿಡಾಕ ಬರಲಾರದಂಗ ಸುಡ್ತದ! ಯಾ ಅಲ್ಲಾ, ನಾ ಹೆದರಿ ಪಾತೇಲಿ ಮುಟ್ಟೇ ಇಲ್ಲ.’

ಒಂದು ಪಾತೇಲಿ ಹಾಲಿನ ಶಾಖ ಒಂದು ನಮಾಜಿನ ಹೊತ್ತಿನಲ್ಲಿ ಕಲ್ಲಿಗೆ ದಾಟಿತ್ತು. ನಮ್ಮ ಲ್ಯಾಬಿನಲ್ಲಿ ಅದರ ಕಾಲು ಭಾಗವೂ ಎಂದೂ ಆಗಿರಲಿಲ್ಲ. ಪಾತೇಲಿಯ ಹಾಲು ಬಸಿದೆ. ತಳದಲ್ಲಿ ಕೆನೆಯ ಹಾಗೆ ಬೂದುಬಣ್ಣದ ಒಂದು ಪದರ ಗಟ್ಟಿಯಾಗಿ ಅಂಟಿತ್ತು. ಚಮಚದಿಂದ ಎಬ್ಬಿಸಿದರೆ ರಬ್ಬರಿನ ಹಾಗೆ ಎಳೆ ಬಂತು. ಹನುಮೇಶನಿಗೆ ಫೋನು ಮಾಡಿದೆ.

‘ಹಾಲಾಗ? ಮೇಡಂ, ಹಾಲಾಗ?’ ಎಂದು ಅವನು ಎರಡೆರಡು ಸಲ ಕೂಗಿದ. ಆಮೇಲೆ ದನಿ ಇಳಿಸಿ, ‘ಕರಗ್ಯದೋ, ಕಟ್ಟ್ಯದೋ?’ ಅಂದ.

‘ಕಟ್ಟ್ಯದ ಹನುಮೇಶ. ನಾವು ಕನಸಿನಾಗೂ ಕಂಡಿರಲಿಲ್ಲ, ಹಂಗ ಕಟ್ಟ್ಯದ.’

‘ಮುಟ್ಟಬ್ಯಾಡ್ರಿ! ಅಲ್ಲಲ್ಲ, ಮುಟ್ರಿ. ಮೊದಲ ಒಂದು ಚಮಚಾ ತಗದು ಬ್ಯಾರೆ ಹಾಲಿನಾಗ ಹಾಕಿಡ್ರಿ. ಯಾರೂ ಕುಡೀಬ್ಯಾಡ್ರಿ!’

ಕಾರಣ ಆಮೇಲೆ ತಿಳಿಯಿತು. ಲ್ಯಾಬಿನಲ್ಲಿ ಅದನ್ನು ಕಾಯಿಲೆಯವರ ಹಾಗೆ ಬರೀ ಸಕ್ಕರೆ ನೀರಿನ ಮೇಲೆ ಸಾಕಿದ್ದೆವು. ಎಳೆ ನೇಯುತ್ತಿತ್ತು, ಆದರೆ ಎಳೆಗೆ ಎಳೆ ಅಂಟಿಸಲು ಅದರ ಹತ್ತಿರ ಏನೂ ಇರಲಿಲ್ಲ. ಹಾಲಿನಲ್ಲಿರುವ ಅಂಟು ಆ ಕೆಲಸ ಮಾಡಿತು, ಹಾಲಿನ ಬಿಸಿ ಅದನ್ನು ಎಬ್ಬಿಸಿತು. ಟೀಚರ ಹಾಲು ಫ್ರಿಜ್ಜಿನಿಂದ ತೆಗೆದದ್ದು, ಅದಕ್ಕೇ ಅಲ್ಲಿ ಸತ್ತಿತು. ಇದನ್ನೆಲ್ಲ ಯಾರೂ ಬುದ್ಧಿ ಓಡಿಸಿ ಕಂಡುಹಿಡಿಯಲಿಲ್ಲ. ಒಬ್ಬಳ ಗಡಿಬಿಡಿ, ಒಬ್ಬರ ಧಾರಾಳತನ, ನನ್ನ ಮುನ್ನೆಚ್ಚರಿಕೆ, ಮೂರೂ ಸೇರಿದ್ದವು.

ಆ ಸಂಜೆ ಮಾತ್ರ ಕಾರಣ ಹುಡುಕಲು ಪುರುಸೊತ್ತು ಇರಲಿಲ್ಲ. ಹಾಲಿನ ಹುಳಿ ಉಳಿದರೆ ತಾಮ್ರವನ್ನು ತಿಂದುಹಾಕುತ್ತದೆ. ಟೀಚರು ಶ್ರೀಖಂಡಕ್ಕೆ ಮೊಸರು ಕಟ್ಟುವ ಬಟ್ಟೆ ತಂದರು. ರಜಿಯಾ ಇನ್ವರ್ಟರಿಗೆ ಹಾಕುವ ಶುದ್ಧ ನೀರಿನ ಬಾಟಲಿ ತಂದಳು. ಪದರವನ್ನು ಬಟ್ಟೆಯಲ್ಲಿ ಕಟ್ಟಿ, ಆ ನೀರಿನಲ್ಲಿ ಮತ್ತೆ ಮತ್ತೆ ಅದ್ದಿ ತೆಗೆದೆವು. ಹುಳಿ ಹೋಗಿದೆಯೇ ಎಂದು ನೋಡುವ ಕಾಗದ ಲ್ಯಾಬಿನಲ್ಲಿತ್ತು. ಅಷ್ಟರಲ್ಲಿ ಅತ್ತೆ ತೊಳೆದ ನೀರಿನ ಒಂದು ಹನಿ ನಾಲಗೆಗೆ ಹಚ್ಚಿಯೇಬಿಟ್ಟರು.

‘ಹುಳಿ ಹೋಗ್ಯದ. ಹಚ್ಚು.’

ಫೋನಿನಲ್ಲಿ ಹನುಮೇಶ ‘ಅಮ್ಮಾರ, ಉಗುಳ್ರಿ, ಉಗುಳ್ರಿ’ ಎಂದು ಕಿರುಚುತ್ತಿದ್ದ.

ಮನೆಗೆ ಬಂದು ಜೋಳದ ಕಾಳಿನಷ್ಟು ಹೆಪ್ಪನ್ನು ಚಿಪ್ಪಿನ ನಡುವೆ ಇಟ್ಟೆ. ತಾಮ್ರದ ಪಟ್ಟಿ ಕೂರಿಸಿ ಎದುರುಬದುರು ಸ್ಕ್ರೂಗಳನ್ನು ಒಂದೊಂದು ಸುತ್ತು ಬಿಗಿದೆ. ಹೊಸ ಫ್ಯಾನು, ಹೊಸ ಬ್ಯಾಟರಿ ಕೂತವು. ಮುಚ್ಚಳ ಹಾಕಿದ ಮೇಲೆ ನೋಡಿದರೆ ಬಟ್ಟಲಿನಲ್ಲಿ ಒಂದು ಸ್ಕ್ರೂ ಉಳಿದಿತ್ತು.

‘ಒಂದು ಉಳೀತಲ್ಲ’ ಎಂದರು ಅತ್ತೆ.

‘ಅದು ಹೆಚ್ಚಿಂದು ರೀ’ ಎಂದೆ, ಬಹಳ ಧೈರ್ಯದಿಂದ. ಲ್ಯಾಪ್‌ಟಾಪು ಚಾಲೂ ಆಗಿ ಗುಂಯ್‌ಗುಟ್ಟಿತು. ಚಿಪ್ಪಿನ ಶಾಖ ಎಂದಿನಂತೆ ಏರುತ್ತಲೇ ಇತ್ತು. ಹೆಪ್ಪು ಕಟ್ಟುವವರೆಗೆ ಏನೂ ತಿಳಿಯದು, ಯಂತ್ರವನ್ನು ಅಲುಗಾಡಿಸದೆ, ಬೆಚ್ಚಗಿರಲೆಂದು ಚಾಲೂ ಇಟ್ಟು ಬೆಳಗಾಗುವುದನ್ನು ಕಾಯುವುದಷ್ಟೇ ನಮ್ಮ ಪಾಲಿನ ಕೆಲಸ.

ಮರುದಿನ ಹನ್ನೊಂದಕ್ಕೆ ಅತ್ತೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಪಡಸಾಲೆಯಲ್ಲಿ ನಾನು, ಪದ್ಮಾಬಾಯಿ ಟೀಚರು, ರಜಿಯಾ. ಅಳಿಯನಿಗೆ ಮೊಸರಿಲ್ಲದ ಅಡುಗೆ ಮಾಡಿಟ್ಟು ಬಂದಿದ್ದಳು. ಅಂದು ನಲವತ್ತೊಂಬತ್ತು ಡಿಗ್ರಿ ಎಂದು ರೇಡಿಯೋ ಹೇಳಿತು. ಟೀಚರು ಬಾಯಲ್ಲಿ ಸೂತ್ರಗಳನ್ನು ಹೇಳಿಕೊಳ್ಳುತ್ತಿದ್ದರು, ಗೋಡೆ ದಾಟಿ ಶಿಷ್ಯೆಯ ಕಿವಿಗೆ ಬೀಳುತ್ತದೆ ಎನ್ನುವಂತೆ. ನಾನು ‘ಸುಮ್ನಿರ್ರಿ ಟೀಚರ, ನಕಲು ಅಂತಾರ’ ಎಂದು ಗದರಿಸಿದೆ.

ಹನ್ನೆರಡೂವರೆ ಸುಮಾರಿಗೆ ಕರೆಂಟು ಹೋಯಿತು. ಚಾವಣಿಯ ಫ್ಯಾನುಗಳು ಒಂದೊಂದಾಗಿ ನಿಂತು ಮನೆ ಸ್ತಬ್ಧವಾಯಿತು. ಆಗ ನಮಗೆ ಹೊಳೆಯಿತು, ಕೋಣೆಯೊಳಗಿಂದ ಲ್ಯಾಪ್‌ಟಾಪಿನ ಸದ್ದೇ ಇಲ್ಲ. ಆ ಯಂತ್ರ ಹೇಗೆ ಕೂಗುತ್ತಿತ್ತು ಎಂದು ಓಣಿಗೆಲ್ಲ ಗೊತ್ತು. ಹಿಟ್ಟಿನ ಗಿರಣಿಯ ಪಕ್ಕ ಕೂತಂತೆ ಇರುತ್ತಿತ್ತು. ಈಗ ಉಸಿರೂ ಇಲ್ಲ.

‘ಬಂದ್ ಆತೇನ್ರಿ?’ ಎಂದು ರಜಿಯಾ ಪಿಸುಗುಟ್ಟಿದಳು.

ಬ್ಯಾಟರಿಯ ಸಂಪರ್ಕ ಸರಿಯಾಗಿ ಒತ್ತಿದ್ದೆನೇ? ಆ ಉಳಿದ ಸ್ಕ್ರೂ ಅಲ್ಲಿಯದೇ ಇರಬಹುದೇ? ಕರೆಂಟು ಇರುವವರೆಗೆ ನಡೆದು, ಹೋದ ಕೂಡಲೇ ಸತ್ತಿರಬೇಕು. ಒಳಗೆ ಅತ್ತೆ ಕಪ್ಪು ಪರದೆ ನೋಡುತ್ತ ಒಬ್ಬರೇ ಕೂತಿದ್ದಾರೆ, ನನ್ನಿಂದ. ನಾನು ಎದ್ದು ಬಾಗಿಲ ಚಿಲಕಕ್ಕೆ ಕೈ ಹಾಕಿದೆ. ಟೀಚರು ಹಿಂದಿನಿಂದ ನನ್ನ ಜಡೆಯನ್ನೇ ಹಿಡಿದು ಎಳೆದರು.

‘ತಗದಿ ಅಂದ್ರ ನೀನ ಫೇಲ್ ಮಾಡಿಸ್ತಿ ಆಕಿನ್ನ. ಕುಂದ್ರು!’

‘ಸತ್ತಿದ್ರ?’

‘ಸತ್ತಿದ್ರ ಆಕಿನ ಹೊರಗ ಬರ್ತಾಳ. ಕುಂದ್ರಂದ್ರ ಕುಂದ್ರು.’

ಬಾಗಿಲಿಗೆ ಕಿವಿ ಹಚ್ಚಿದೆ. ಮೊದಲು ಏನೂ ಕೇಳಲಿಲ್ಲ. ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ಆಮೇಲೆ ಕೇಳಿತು. ಟಕ್. ಬಹಳ ಹೊತ್ತು ಬಿಟ್ಟು ಇನ್ನೊಂದು, ಟಕ್. ಅದು ಅತ್ತೆಯ ಬಲಗೈ ತೋರುಬೆರಳು. ವರ್ಗಮೂಲದ ಚಿಹ್ನೆ ಎಲ್ಲಿದೆ ಎಂದು ಕೀಲಿಮಣೆಯ ತುಂಬ ಹುಡುಕಿ, ಸಿಕ್ಕ ಕೂಡಲೇ ಸೇಡು ತೀರಿಸಿಕೊಳ್ಳುವವರಂತೆ ಒತ್ತುವ ಬೆರಳು. ಯಂತ್ರ ಬದುಕಿತ್ತು. ಶಾಖ ಎಷ್ಟು ಸಲೀಸಾಗಿ ಹೊರಗೆ ಹೋಗುತ್ತಿತ್ತೆಂದರೆ ಅದಕ್ಕೆ ಕೂಗುವ ಅಗತ್ಯವೇ ಬಿದ್ದಿರಲಿಲ್ಲ. ನಾನು ಬಾಗಿಲಿಗೆ ಒರಗಿ ಅಲ್ಲೇ ನೆಲಕ್ಕೆ ಕುಸಿದೆ. ಕಣ್ಣಲ್ಲಿ ನೀರು ಬಂತು. ರಜಿಯಾ ಅದನ್ನು ನೋಡಿ, ಯಂತ್ರ ಸತ್ತಿತೆಂದೇ ತಿಳಿದು ತಾನೂ ಅಳತೊಡಗಿದಳು. ಅವಳಿಗೆ ಸನ್ನೆಯಲ್ಲಿ ತಿಳಿಸಿ ಹೇಳುವುದರಲ್ಲಿ ಸಾಕಾಯಿತು.

ಎರಡಕ್ಕೆ ಬಾಗಿಲು ತೆರೆಯಿತು. ಅತ್ತೆಯ ಸೀರೆ ಬೆವರಿನಿಂದ ಒದ್ದೆಯಾಗಿತ್ತು, ಹಣೆಯ ವಿಭೂತಿ ಕರಗಿ ಮೂಗಿಗೆ ಇಳಿದಿತ್ತು. ಯಾರನ್ನೂ ನೋಡದೆ ಹರವಿಯ ನೀರು ಎರಡು ಚೊಂಬು ಕುಡಿದರು.

‘ಹೆಂಗಾತು?’ ಎಂದು ಮೂವರೂ ಒಟ್ಟಿಗೆ ಕೇಳಿದೆವು.

‘ಮಷೀನ್ ಭೇಷ್ ನಡೀತು. ನಾನ ಒಂದು ಲೆಕ್ಕ ಬಿಟ್ಟೆ.’

ಅದೇ ವಾರ ಲ್ಯಾಬಿನಲ್ಲಿ ಹನುಮೇಶ ರಜಿಯಾಳ ಹಾಲಿನ ಹೆಪ್ಪನ್ನು ಬೆಳೆಸಿ ನೋಡಿದ. ಅದರ ಮರಿ, ಮರಿಯ ಮರಿ, ಎಲ್ಲವೂ ಗಟ್ಟಿಯಾಗಿ ಕಟ್ಟಿದವು. ಬೇಸಿಗೆ ಮುಗಿಯುವುದರೊಳಗೆ ನಮ್ಮ ಓಣಿಯ ಲ್ಯಾಪ್‌ಟಾಪುಗಳೆಲ್ಲ ಬಾಯಿ ಮುಚ್ಚಿಕೊಂಡವು. ವಕೀಲರು ಪರಾತದ ಉಸುಕು ಚೆಲ್ಲಿದರು. ಜನ ಈಗ ಒಂದು ಮನೆಯಿಂದ ಇನ್ನೊಂದು ಮನೆಗೆ ಬೂದು ಹೆಪ್ಪು ಕೇಳಿ ಒಯ್ಯುತ್ತಾರೆ. ದೀಪ ಹಚ್ಚಿದ ಮೇಲೆ ಅದನ್ನೂ ಯಾರೂ ಕೊಡುವುದಿಲ್ಲ. ವೈಜ್ಞಾನಿಕವಾಗಿ ಅದಕ್ಕೇನೂ ಅರ್ಥವಿಲ್ಲ ಎಂದು ಹೇಳಿ ಹೇಳಿ ನಾನು ಸೋತಿದ್ದೇನೆ.

ಫಲಿತಾಂಶದ ದಿನ ಬೆಳಿಗ್ಗೆ ಮನೆ ತುಂಬ ಜನ. ನಾನು ನಂಬರು ಹಾಕಿ ನೋಡುತ್ತೇನೆ ಎಂದರೆ ಅತ್ತೆ ಬಿಡಲಿಲ್ಲ. ತಾವೇ ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದೇ ಅಂಕಿ ಒತ್ತಿದರು. ಗಣಿತ, ಎಂಬತ್ತಕ್ಕೆ ನಲವತ್ತೊಂದು. ಪಾಸು. ರಜಿಯಾ ಶಿಳ್ಳೆ ಹಾಕಿದಳು. ಟೀಚರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ‘ಇನ್ನೂ ಐದು ಬರಬೇಕಿತ್ತು’ ಎಂದು ಬೈದರು.

ಅತ್ತೆ ಮಾತ್ರ ಏಳಲಿಲ್ಲ. ಪರದೆಯನ್ನು ಹತ್ತಿರ ಎಳೆದುಕೊಂಡು ತಮ್ಮ ಉತ್ತರಪತ್ರಿಕೆ ತೆರೆದು, ಕೆಂಪು ಗೆರೆ ಬಿದ್ದ ಜಾಗಗಳನ್ನು ಒಂದೊಂದಾಗಿ ನೋಡತೊಡಗಿದರು. ಸಿಹಿ ಬಾಯಿಗಿಟ್ಟರೆ ಕೈಯಿಂದ ಪಕ್ಕಕ್ಕೆ ಸರಿಸಿದರು.

‘ಪಾಸಾತಲ್ಲ ಅತ್ತೀ, ಇನ್ನೇನು ನೋಡ್ತೀರಿ?’

‘ನನ್ನ ತಪ್ಪು ನೋಡ್ತೀನವಾ’ ಎಂದರು ಅತ್ತೆ. ಅವರ ಮುಖ ಮದುವಣಗಿತ್ತಿಯ ಹಾಗೆ ಬೆಳಗುತ್ತಿತ್ತು. ‘ಇಷ್ಟು ದಿವಸ ಆ ಮಷೀನು ನನಗ ತಪ್ಪು ಮಾಡಾಕೂ ಬಿಟ್ಟಿರಲಿಲ್ಲ.’